ಮೀನುಗಾರಿಕೆ ಮಂತ್ರಿಯ ಅಧಿಕಾರ ಎಲ್ಲಿಯವರೆಗೆ?

ಸ್ವಯಮಾಡಳಿತದ ಪಾಠ ಬಂದಾಗಲೆಲ್ಲ ನಾನು ಬೋರ್ಡ್ ಮೇಲೆ ಫ್ಯಾರೋ ದ್ವೀಪಗಳ ನಕ್ಷೆ ಬರೆಯುತ್ತೇನೆ. ಸ್ಕಾಟ್ಲೆಂಡ್‌ಗೂ ಐಸ್‌ಲ್ಯಾಂಡ್‌ಗೂ ನಡುವೆ 18 ದ್ವೀಪ, ಸುಮಾರು 54 ಸಾವಿರ ಜನ. ವಿದ್ಯಾರ್ಥಿಗಳು ಕೇಳುವುದು ಒಂದೇ: "ಸರ್, ಇದು ದೇಶಾನಾ, ಡೆನ್ಮಾರ್ಕ್‌ನ ಒಂದು ಭಾಗಾನಾ?" ಯಾವ ವಿಷಯದ ಬಗ್ಗೆ ಕೇಳುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕ್ ಜರ್ಮನಿಯ ಕೈಗೆ ಹೋಯಿತು. ದ್ವೀಪಗಳಿಗೆ ಬ್ರಿಟಿಷ್ ಸೈನ್ಯ ಬಂತು. ಅಷ್ಟು ವರ್ಷ ತಮ್ಮ ಆಡಳಿತ ತಾವೇ ನೋಡಿಕೊಂಡವರಿಗೆ ಮತ್ತೆ ಡೆನ್ಮಾರ್ಕ್‌ನ ಜಿಲ್ಲೆಯಾಗಿ ಇರುವುದು ಒಗ್ಗಲಿಲ್ಲ. 1946ರ ಜನಮತದಲ್ಲಿ ಬೇರೆಯಾಗೋಣ ಎಂದವರು ಕೂದಲೆಳೆಯ ಅಂತರದಲ್ಲಿ ಮುಂದಿದ್ದರು. ಡೆನ್ಮಾರ್ಕ್ ರಾಜರು ದ್ವೀಪಗಳ ಸಂಸತ್ತನ್ನೇ ವಿಸರ್ಜಿಸಿದರು. ಹೊಸ ಚುನಾವಣೆಯಲ್ಲಿ ಜೊತೆಗಿರೋಣ ಎಂದವರು ಗೆದ್ದರು. ಈ ಎಳೆದಾಟದಿಂದ ಹುಟ್ಟಿದ ರಾಜಿ 1948ರ ಸ್ವಯಮಾಡಳಿತ ಕಾಯ್ದೆ.

2005ರಲ್ಲಿ ಇನ್ನೊಂದು ಕಾಯ್ದೆ ಬಂತು. ಸಂವಿಧಾನ, ಪೌರತ್ವ, ಸುಪ್ರೀಂ ಕೋರ್ಟ್, ವಿದೇಶಾಂಗ ಮತ್ತು ರಕ್ಷಣೆ, ನಾಣ್ಯ ನೀತಿ ಡೆನ್ಮಾರ್ಕ್ ಬಳಿಯೇ ಉಳಿದವು. ಬೇರೆ ವಿಷಯಗಳನ್ನು ದ್ವೀಪದವರು ಒಂದೊಂದಾಗಿ ವಹಿಸಿಕೊಳ್ಳಬಹುದು. ಆದರೆ ವಹಿಸಿಕೊಂಡ ಮೇಲೆ ಅದರ ಖರ್ಚೂ ಅವರದೇ. ಚರ್ಚ್ ಆಡಳಿತವನ್ನು 2007ರಲ್ಲಿ ತೆಗೆದುಕೊಂಡರು. ಪೊಲೀಸ್ ಮಾತ್ರ ಡೆನ್ಮಾರ್ಕ್‌ನದಾಗಿಯೇ ಉಳಿಯಿತು.

ಸಂಸತ್ತಿನ ಹೆಸರು ಲೋಗ್ಟಿಂಗ್, 33 ಸದಸ್ಯರು. ಸರ್ಕಾರದ ಮುಖ್ಯಸ್ಥರು ಲೋಗ್‌ಮಾವುರ್, ಅಂದರೆ 'ಕಾನೂನಿನ ಮನುಷ್ಯ'. ಖಾತೆ ಹಂಚುವುದು ಅವರೇ. ಲೋಗ್ಟಿಂಗ್ ಪಾಸು ಮಾಡಿದ ಕಾನೂನಿಗೆ ಸಹಿ ಹಾಕುವುದೂ ಅವರೇ, ರಾಜರ ಸಹಿ ಬೇಕಿಲ್ಲ. ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು ನಿಯಮ. ನಮ್ಮಲ್ಲಿ ಮಂತ್ರಿಯಾದವರು ಆರು ತಿಂಗಳೊಳಗೆ ಶಾಸಕರಾಗಲೇಬೇಕು. ಅಲ್ಲಿ ಸದಸ್ಯರು ಮಂತ್ರಿಯಾದರೆ ಸದನದಿಂದ ರಜೆ ತೆಗೆದುಕೊಳ್ಳುತ್ತಾರೆ, ಪಕ್ಷದ ಬದಲಿ ಸದಸ್ಯರು ಆ ಕುರ್ಚಿಯಲ್ಲಿ ಕೂರುತ್ತಾರೆ. 33 ಜನರ ಸದನದಲ್ಲಿ ಮಂತ್ರಿಗಳೂ ಮತ ಹಾಕಿದರೆ ಅವರನ್ನು ಪ್ರಶ್ನಿಸಲು ಎಷ್ಟು ಜನ ಉಳಿಯುತ್ತಾರೆ? 1990ರ ದಶಕದ ಮಧ್ಯದಿಂದ ಪ್ರತಿ ಮಂತ್ರಿಯೂ ತನ್ನ ಖಾತೆಗೆ ತಾನೇ ಹೊಣೆ. ಸದನ ಒಬ್ಬರ ಮೇಲೆ ಮಾತ್ರ ಅವಿಶ್ವಾಸ ತೋರಿಸಿ ಇಳಿಸಬಹುದು.

ಮೀನುಗಾರಿಕೆ ಖಾತೆಯ ತೂಕವೇ ಬೇರೆ. ರಫ್ತಾಗುವ ಸರಕಿನಲ್ಲಿ ಶೇ 90ಕ್ಕೂ ಹೆಚ್ಚು ಮೀನು ಮತ್ತು ಮೀನಿನ ಪದಾರ್ಥ. ಡೆನ್ಮಾರ್ಕ್ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ದ್ವೀಪಗಳು ಅದರ ಹೊರಗೇ ಉಳಿದದ್ದಕ್ಕೆ ಕಾರಣವೂ ಮೀನೇ.

2013ರಲ್ಲಿ ಮೀನಿನ ಮೇಲೆ ಯಾರ ಅಧಿಕಾರ ಎಷ್ಟು ಎನ್ನುವ ಜಗಳ ಬೀದಿಗೆ ಬಂತು. ಹೆರಿಂಗ್, ಅಂದರೆ ನಮ್ಮ ಬೂತಾಯಿಯ ಬಂಧು, ತಮ್ಮ ನೀರಿಗೆ ಹೆಚ್ಚು ಬರುತ್ತಿದೆ ಎಂದು ಫ್ಯಾರೋ ಸರ್ಕಾರ ದೇಶಗಳು ಹಂಚಿಕೊಂಡು ಹಿಡಿಯುವ ಹೆರಿಂಗ್‌ನಲ್ಲಿ ಸುಮಾರು ಶೇ 5 ಇದ್ದ ತನ್ನ ಪಾಲನ್ನು ತಾನೇ ಶೇ 17ಕ್ಕೆ ಏರಿಸಿತು. ಒಕ್ಕೂಟ ಸಿಟ್ಟಾಗಿ ಆ ಮೀನು ತಂದ ಹಡಗುಗಳಿಗೆ ಬಂದರು ಮುಚ್ಚಿತು. ಒಕ್ಕೂಟದ ಸದಸ್ಯನಾಗಿ ಡೆನ್ಮಾರ್ಕ್ ಕೂಡ ಮುಚ್ಚಬೇಕಾಯಿತು, ತನ್ನದೇ ರಾಜಸತ್ತೆಯ ಜನರಿಗೆ! ಫ್ಯಾರೋ ಸರ್ಕಾರ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಡಲು ಹೊರಟಿತು. ಅಲ್ಲಿ ಅದಕ್ಕೆ ಸ್ವಂತ ಸದಸ್ಯತ್ವ ಇಲ್ಲ. ಹಾಗಾಗಿ ದೂರುದಾರನ ಜಾಗದಲ್ಲಿ ಫ್ಯಾರೋ ದ್ವೀಪಗಳ ಪರವಾಗಿ ಎಂದು ಡೆನ್ಮಾರ್ಕ್ ಹೆಸರು ಬಂತು. ಎದುರಾಳಿ ಯುರೋಪಿಯನ್ ಒಕ್ಕೂಟ. 2014ರ ಆಗಸ್ಟ್‌ನಲ್ಲಿ ರಾಜಿಯಾಗಿ ಬಂದರುಗಳು ಮತ್ತೆ ತೆರೆದವು.