ಪದ ಪರಿಚಯ: ಹುಳಿತೇಗು

ಔಷಧದ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ‘ಗ್ಯಾಸ್ಟ್ರಿಕ್‌ಗೆ ಒಂದು ಮಾತ್ರೆ ಕೊಡಿ’ ಎಂಬ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಅದು ‘ಜಠರದ’ ಎಂದಷ್ಟೇ ಅರ್ಥವಿರುವ ವಿಶೇಷಣ. ನಮ್ಮಲ್ಲಿಗೆ ಬಂದು ಕಾಯಿಲೆಯ ಪಟ್ಟ ಪಡೆದಿದೆ. ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ಎದೆ ಉರಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಇಷ್ಟನ್ನೆಲ್ಲ ಒಂದೇ ಚೀಲದಲ್ಲಿ ತುರುಕಿದ ಮೇಲೆ ಒಳಗೆ ಏನಿದೆಯೆಂದು ಯಾರಿಗೆ ಗೊತ್ತಾಗಬೇಕು? ಆ ಚೀಲದಿಂದ ಒಂದನ್ನು ಹೊರತೆಗೆದು ನೋಡುವುದು ಈ ಬರಹದ ಕೆಲಸ. ಅದಕ್ಕೆ ಕನ್ನಡದಲ್ಲಿ ಚೊಕ್ಕ ಹೆಸರಿದೆ: ಹುಳಿತೇಗು.

ವೈದ್ಯರು ಆಸಿಡ್ ರಿಫ್ಲಕ್ಸ್ ಎನ್ನುವುದು ಇದನ್ನೇ. ರಿಫ್ಲಕ್ಸ್ ಎಂಬುದು ‘ಹಿಂದಕ್ಕೆ ಹರಿ’ ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ಪದ. ಪತ್ರಿಕೆಗಳು ಅದನ್ನು ‘ಆಮ್ಲದ ಹಿಮ್ಮುಖ ಹರಿವು’ ಎಂದು ಕನ್ನಡಿಸುತ್ತವೆ. ಅನುವಾದದಲ್ಲಿ ತಪ್ಪಿಲ್ಲ, ಆದರೆ ಊಟ ಮುಗಿಸಿ ಎದ್ದವರ ಬಾಯಲ್ಲಿ ಅದು ಬರುವುದಿಲ್ಲ. ಹುಳಿತೇಗು ಎಂಬ ಪದದಲ್ಲಿ ‘ಹುಳಿ’ ವಸ್ತುವನ್ನು ಹೇಳುತ್ತದೆ, ‘ತೇಗು’ ಅದು ಹೊರಟ ದಿಕ್ಕನ್ನು ಹೇಳುತ್ತದೆ. ಎದೆಯುರಿ ಎಂಬುದು ಅದರಿಂದ ಆಗುವ ಅನುಭವ. (ಹೊಟ್ಟೆಯುರಿ, ಹೊಟ್ಟೆಕಿಚ್ಚುಗಳು ಬೇರೆ, ಅವು ಪಕ್ಕದ ಮನೆಯವರು ಕಾರು ಕೊಂಡಾಗ ಬರುತ್ತವೆ.) ಆಯುರ್ವೇದ ಇದಕ್ಕೆ ಹತ್ತಿರದ ತೊಂದರೆಯನ್ನು ಆಮ್ಲಪಿತ್ತ ಎಂದು ಕರೆದು, ಮೇಲಕ್ಕೆ ಹೋಗುವುದು ಊರ್ಧ್ವಗ, ಕೆಳಕ್ಕೆ ಹೋಗುವುದು ಅಧೋಗ ಎಂದು ವಿಂಗಡಿಸಿತು. ದಿಕ್ಕಿನ ಮೇಲೆ ಅವರಿಗೂ ಕಣ್ಣಿತ್ತು.

ನಾನು ದಿಕ್ಕನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ‘ಆಸಿಡಿಟಿ’ ಎಂದು ಕರೆದ ಕೂಡಲೇ ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿದೆ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಹುಳಿತೇಗಿನಿಂದ ಬಳಲುವ ಬಹುತೇಕರ ಜಠರದಲ್ಲಿ ಆಮ್ಲ ಎಲ್ಲರಲ್ಲಿ ಇರುವಷ್ಟೇ ಇರುತ್ತದೆ. ಜಠರದ ರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ 1823ರಲ್ಲಿ ಗುರುತಿಸಿದ. ಅಂಥ ತೀಕ್ಷ್ಣ ದ್ರವವನ್ನು ಜಠರ ತನ್ನ ಲೋಳೆಯ ಹೊದಿಕೆಯಿಂದ ತಡೆದುಕೊಳ್ಳುತ್ತದೆ. ಅನ್ನನಾಳಕ್ಕೆ ಆ ಹೊದಿಕೆಯಿಲ್ಲ. ಅದರ ಒಳಪದರ ನಮ್ಮ ಕೆನ್ನೆಯ ಒಳಭಾಗದಂಥದ್ದು. ಅಂದರೆ ಅದೇ ಆಮ್ಲ ಒಂದು ಗೇಣು ಮೇಲೆ ಬಂದರೆ ಸುಡುತ್ತದೆ. ಮೆಲುಕು ಹಾಕುವ ಹಸುವನ್ನು ನೋಡಿ: ತಿಂದದ್ದನ್ನು ದಿನವಿಡೀ ಮೇಲಕ್ಕೆ ತರುತ್ತದೆ, ನೆಮ್ಮದಿಯಾಗಿಯೇ ಇರುತ್ತದೆ. ಅದರ ಮೊದಲ ಹೊಟ್ಟೆ ಆಮ್ಲವನ್ನು ಸ್ರವಿಸುವುದಿಲ್ಲ. ಹಸುವಿಗೆ ತೇಗಿದೆ, ಹುಳಿಯಿಲ್ಲ.

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ತುತ್ತು ಅದರೊಳಗೆ ಬಾವಿಗೆ ಬಿದ್ದ ಕಲ್ಲಿನಂತೆ ಬೀಳುವುದಿಲ್ಲ. ಮೇಲಿನಿಂದ ಕೆಳಕ್ಕೆ ಒಂದು ಹಿಂಡುವ ಅಲೆ ಸಾಗುತ್ತದೆ, ತುತ್ತನ್ನು ಮುಂದೆ ತಳ್ಳುತ್ತದೆ. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಅದು ಜಠರ ಸೇರುತ್ತದೆ. ಶೀರ್ಷಾಸನದಲ್ಲಿ ನಿಂತು ನೀರು ನುಂಗಿದರೂ ಅದು ಹೊಟ್ಟೆಗೇ ಹೋಗುತ್ತದೆ (ಪರೀಕ್ಷಿಸಲು ಹೋಗಬೇಡಿ). ಕೊಳವೆಯ ತುದಿಯಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಬಳೆಯಂಥ ಸ್ನಾಯು ಸದಾ ಬಿಗಿದುಕೊಂಡಿದ್ದು, ನುಂಗಿದಾಗ ಸಡಿಲಗೊಳ್ಳುತ್ತದೆ. ಅದನ್ನು ಹೊರಗಿನಿಂದ ವಪೆ, ಅಂದರೆ ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುವಿನ ಪರದೆ, ಸುತ್ತುವರಿದಿದೆ. ಕೆಮ್ಮಿದಾಗ, ಬಗ್ಗಿದಾಗ, ಭಾರ ಎತ್ತಿದಾಗ ಹೊಟ್ಟೆಯ ಒತ್ತಡ ಏರುತ್ತದೆ. ಆಗ ವಪೆಯೂ ಬಿಗಿಯುವುದರಿಂದ ಬಾಗಿಲಿಗೆ ಎರಡನೆಯ ಅಗುಳಿ ಬಿದ್ದಂತಾಗುತ್ತದೆ. ಕೆಲವರಲ್ಲಿ ಜಠರದ ಮೇಲ್ಭಾಗ ವಪೆಯ ರಂಧ್ರದ ಮೂಲಕ ಎದೆಗೂಡಿಗೆ ನುಸುಳುತ್ತದೆ. ಹಯಾಟಸ್ ಹರ್ನಿಯಾ ಎನ್ನುವುದು ಇದನ್ನು. ಆಗ ಬಳೆ ಒಂದು ಕಡೆ, ಅಗುಳಿ ಇನ್ನೊಂದು ಕಡೆ.

ಹಾಗಾದರೆ ಹುಳಿತೇಗು ಬರುವವರೆಲ್ಲರ ಬಾಗಿಲು ಸಡಿಲವೇ? ಕೆರೆ ತುಂಬಿದರೆ ಕೋಡಿ ಬೀಳುತ್ತದೆ, ಹೊಟ್ಟೆ ತುಂಬಿದರೆ ಹುಳಿ ಮೇಲೆ ಬರುತ್ತದೆ ಎಂದು ನಾನೂ ಬಹುಕಾಲ ಅಂದುಕೊಂಡಿದ್ದೆ. ವಿಷಯ ಅದಕ್ಕಿಂತ ಸ್ವಾರಸ್ಯಕರ. ಊಟದಿಂದ ಜಠರದ ಮೇಲ್ಭಾಗ ಹಿಗ್ಗಿದಾಗ ಅಲ್ಲಿಂದ ವೇಗಸ್ ನರದ ಮೂಲಕ ಮಿದುಳಿನ ಬುಡಕ್ಕೆ ಸುದ್ದಿ ಹೋಗುತ್ತದೆ, ಅಲ್ಲಿಂದ ‘ಸ್ವಲ್ಪ ತೆರೆ’ ಎಂಬ ಅಪ್ಪಣೆ ಬರುತ್ತದೆ. ನಾವು ಏನನ್ನೂ ನುಂಗದೆಯೇ ಬಾಗಿಲು ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆರೆದಿರುತ್ತದೆ. ವಪೆಯ ಅಗುಳಿಯೂ ಜೊತೆಗೇ ಸಡಿಲವಾಗುತ್ತದೆ. ಇದು ರೋಗವಲ್ಲ. ಊಟದ ಜೊತೆ ನುಂಗಿದ ಗಾಳಿ ಹೊರಹೋಗಲು ದೇಹ ಮಾಡಿಕೊಂಡಿರುವ ವ್ಯವಸ್ಥೆ, ಅರ್ಥಾತ್ ತೇಗು. ಗಾಳಿ ಹೊರಬರುವ ಆ ಗಳಿಗೆಯಲ್ಲಿ ಹುಳಿಯೂ ಜೊತೆಗೂಡಿದರೆ ಹುಳಿತೇಗು. ಬಹುಪಾಲು ಹಿಮ್ಮುಖ ಹರಿವು ನಡೆಯುವುದು ಈ ದಾರಿಯಲ್ಲೇ ಎಂದು ವೈದ್ಯರು ಒತ್ತಡ ಅಳೆಯುವ ನಳಿಕೆಗಳನ್ನು ಇಳಿಸಿ ಕಂಡುಕೊಂಡದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ನಮ್ಮ ಪದ ಅದನ್ನು ಮೊದಲೇ ಹೇಳಿತ್ತು ಎಂದರೆ ಭಾಷಾಭಿಮಾನ ಹೆಚ್ಚಾದೀತು. ಆದರೂ ತೇಗನ್ನೂ ಹುಳಿಯನ್ನೂ ಒಂದೇ ಪದದಲ್ಲಿ ಕಟ್ಟಿದವರು ಗಮನಿಸಿಯೇ ಕಟ್ಟಿದ್ದಾರೆ.

ಉಂಡ ಅನ್ನ ಆಮ್ಲವನ್ನು ಮೆತ್ತಗೆ ಮಾಡುತ್ತದಲ್ಲ, ಹಾಗಿದ್ದೂ ಊಟದ ಮೇಲೇ ಏಕೆ ಉರಿ? ಆಗ ತಾನೇ ಸ್ರವಿಸಿದ ಆಮ್ಲ ಅನ್ನದೊಡನೆ ಬೆರೆಯದೆ, ಅದರ ಮೇಲೆ ತೆಳುವಾಗಿ, ಬಾಗಿಲಿನ ಪಕ್ಕದಲ್ಲೇ ತೇಲುತ್ತಿರುತ್ತದೆ. ಬಾಗಿಲು ತೆರೆದಾಗ ಮೊದಲು ನುಗ್ಗುವುದು ಅದೇ.

ಬಂದ ಹುಳಿಯನ್ನು ಕಳಿಸುವುದೂ ಅನ್ನನಾಳದ ಕೆಲಸ. ಹಿಂಡುವ ಅಲೆ ಅದನ್ನು ಕೆಳಕ್ಕೆ ಗುಡಿಸುತ್ತದೆ, ನುಂಗಿದ ಜೊಲ್ಲು ಉಳಿದ ಪಸೆಯನ್ನು ತೊಳೆಯುತ್ತದೆ. ಜೊಲ್ಲಿನಲ್ಲಿ ಆಮ್ಲವನ್ನು ತಣಿಸುವ ಬೈಕಾರ್ಬೊನೇಟ್ ಇದೆ. ಆರೋಗ್ಯವಂತರ ಅನ್ನನಾಳದಲ್ಲೂ ಹುಳಿ ಬಂದುಹೋಗುತ್ತಿರುತ್ತದೆ. ಮೂಗಿನ ಮೂಲಕ ತೆಳುವಾದ ತಂತಿ ಇಳಿಸಿ ಇಡೀ ದಿನ ಅಳೆಯುವ ಪರೀಕ್ಷೆಯಲ್ಲಿ, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4ಕ್ಕಿಂತ ಕೆಳಗಿರುವ ಹೊತ್ತು ಶೇ. 4ರೊಳಗಿದ್ದರೆ ಸಹಜ, ಶೇ. 6 ದಾಟಿದರೆ ರೋಗ. ಲೆಕ್ಕ ಹಾಕಿದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಹುಳಿ ತಾಗಿದರೂ ಅನ್ನನಾಳ ಸಹಿಸಿಕೊಂಡೀತು, ಒಂದೂವರೆ ಗಂಟೆಯಾದರೆ ಇಲ್ಲ. ಈ ಗೆರೆಯ ಆಚೆ ಇರುವುದಕ್ಕೆ, ಅಥವಾ ಬದುಕಿಗೆ ತೊಡಕಾಗುವಷ್ಟು ಕಾಡುವ ಹುಳಿತೇಗಿಗೆ, ವೈದ್ಯರ ಚೀಟಿಯಲ್ಲಿ ‘ಗರ್ಡ್’ ಎಂಬ ಹೆಸರು. ರಾತ್ರಿ ಬರುವ ಹುಳಿ ಹೆಚ್ಚು ಕೆಡುಕು ಮಾಡುತ್ತದೆ. ನಿದ್ದೆಯಲ್ಲಿ ಜೊಲ್ಲು ಬತ್ತುತ್ತದೆ, ನುಂಗುವುದು ತೀರಾ ಕಡಿಮೆಯಾಗುತ್ತದೆ, ಮಲಗಿದ್ದರಿಂದ ಇಳಿಜಾರೂ ಇಲ್ಲ.

ಊಟವಾದ ಮೇಲೆ ನೂರು ಹೆಜ್ಜೆ ಹಾಕಿ ‘ಗಂಡುಭುಜ ಮೇಲಾಗಿ’, ಅಂದರೆ ಬಲದೋಳು ಮೇಲೆ ಬರುವಂತೆ ಎಡಮಗ್ಗುಲಿಗೆ ಮಲಗಬೇಕು ಎಂಬ ಮಾತು ನಮ್ಮಲ್ಲಿದೆ. ಅನ್ನನಾಳ ಜಠರವನ್ನು ಸೇರುವುದು ಅದರ ಬಲಬದಿಗೆ. ಜಠರದ ಚೀಲ ಜೋತುಬಿದ್ದಿರುವುದು ಎಡಕ್ಕೆ. ಎಡಮಗ್ಗುಲಾದರೆ ಹುಳಿ ಚೀಲದಲ್ಲಿ ಕೆಳಗೆ, ಬಾಗಿಲು ಮೇಲೆ. ಬಲಮಗ್ಗುಲಾದರೆ ಬಾಗಿಲೇ ಹುಳಿಯಲ್ಲಿ ಮುಳುಗುತ್ತದೆ. ಅಳೆದು ನೋಡಿದವರಿಗೂ ಎಡಮಗ್ಗುಲೇ ಮೇಲೆನಿಸಿದೆ. ಇನ್ನು ತಲೆಯನ್ನು ಎತ್ತರಿಸಲು ದಿಂಬಿನ ಮೇಲೆ ದಿಂಬು ಪೇರಿಸುವವರಿದ್ದಾರೆ. ಅದರಿಂದ ಕುತ್ತಿಗೆ ಬಗ್ಗಿ ಹೊಟ್ಟೆ ಮಡಚಿಕೊಳ್ಳುತ್ತದೆ, ಅಷ್ಟೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರಕ್ಕೆ ಇಟ್ಟಿಗೆ ಕೊಟ್ಟರೆ ಕೆಲಸ ಆಗುತ್ತದೆ. ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಉಂಡರೆ ಇನ್ನೂ ಒಳ್ಳೆಯದು.

ಯಾವುದನ್ನು ತಿನ್ನಬಾರದು ಎಂಬ ಪಟ್ಟಿಗಳ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಒಬ್ಬರಿಗೆ ಉರಿ ತರಿಸಿದ್ದು ಇನ್ನೊಬ್ಬರಿಗೆ ಏನೂ ಮಾಡದು. ಆದರೂ ಎಣ್ಣೆ, ತುಪ್ಪ ಜಾಸ್ತಿಯಾದ ಊಟ ಜಠರದಲ್ಲಿ ತಡವಾಗಿ ಕರಗುತ್ತದೆ, ಬಾಗಿಲನ್ನೂ ಸಡಿಲಿಸುತ್ತದೆ; ಮದುವೆ ಮನೆಯ ಊಟದ ರಾತ್ರಿ ನೆನಪಿಸಿಕೊಳ್ಳಿ. ಸಿಗರೇಟು, ಮದ್ಯ, ಚಾಕೊಲೇಟು, ಪುದೀನ ಸಹ ಬಾಗಿಲನ್ನು ಸಡಿಲಗೊಳಿಸುವಂಥವು. ಮೆಣಸಿನಕಾಯಿಯ ಖಾರ ಈಗಾಗಲೇ ಕೆಂಪಾದ ಒಳಪದರದ ನರಗಳನ್ನು ಕೆಣಕುತ್ತದೆ. ತಣ್ಣನೆಯ ಹಾಲು ಗಳಿಗೆಯ ಮಟ್ಟಿಗೆ ಹಿತ, ಆಮೇಲೆ ಅದೇ ಆಮ್ಲವನ್ನು ಕರೆಯುತ್ತದೆ. ತಿನಿಸಿಗಿಂತ ಹೆಚ್ಚು ನೋಡಬೇಕಾದದ್ದು ಸೊಂಟದ ಸುತ್ತಳತೆಯನ್ನು: ಹೊಟ್ಟೆಯ ಬೊಜ್ಜು ಒಳಗಿನ ಒತ್ತಡವನ್ನು ಹಗಲೂ ರಾತ್ರಿ ಏರಿಸಿಯೇ ಇಡುತ್ತದೆ. ಬಸುರಿಯರಲ್ಲಿ ಒತ್ತಡದ ಜೊತೆಗೆ ಪ್ರೊಜೆಸ್ಟರಾನ್ ಹಾರ್ಮೋನು ಸ್ನಾಯುವನ್ನು ಸಡಿಲಿಸುವುದರಿಂದ ಎದೆಯುರಿ ಸಾಮಾನ್ಯ. ರಕ್ತದೊತ್ತಡಕ್ಕೆ ಕೊಡುವ ಆಮ್ಲೊಡಿಪಿನ್ ಜಾತಿಯ ಮಾತ್ರೆಗಳು, ಎದೆನೋವಿನ ನೈಟ್ರೇಟುಗಳು ಕೂಡ ಇದನ್ನೇ ಮಾಡಬಲ್ಲವು. ಹಾಗೆಂದು ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳು ಜಠರದ ಆಮ್ಲ ಪಂಪುಗಳನ್ನು ಮುಚ್ಚುತ್ತವೆ. ಊಟಕ್ಕೆ ಪಂಪುಗಳು ಎಚ್ಚರಗೊಳ್ಳುವ ಹೊತ್ತಿಗೆ ಔಷಧ ರಕ್ತದಲ್ಲಿರಬೇಕು, ಅದಕ್ಕೇ ಅರ್ಧ ಗಂಟೆ ಮೊದಲು ನುಂಗಲು ಹೇಳುವುದು. ಉಂಡ ಮೇಲೆ ನುಂಗಿದರೆ ಅರ್ಧ ಫಲ ಪೋಲು. ಇವು ಬಾಗಿಲನ್ನು ಮುಟ್ಟುವುದಿಲ್ಲ. ಹುಳಿ ಹೋಗುತ್ತದೆ, ತೇಗು ಉಳಿಯುತ್ತದೆ. ಉರಿ ನಿಂತರೂ ಬಾಯಿಗೆ ನೀರು ಬರುತ್ತಲೇ ಇದೆ ಎನ್ನುವವರ ಮಾತು ಸುಳ್ಳಲ್ಲ.

ಒಂದು ಎಚ್ಚರಿಕೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಬರುವ, ಬೆವರಿನ ಜೊತೆ ಬರುವ, ದವಡೆಗೋ ಎಡತೋಳಿಗೋ ಹರಡುವ ಎದೆಯ ಹಿಡಿತಕ್ಕೆ ಜೀರಿಗೆ ಕಷಾಯ ಕುಡಿದು ಕಾಯಬಾರದು, ಆಸ್ಪತ್ರೆಗೆ ಹೊರಡಬೇಕು. ತುತ್ತು ಸಿಕ್ಕಿಕೊಂಡಂತಾದರೆ, ತೂಕ ಇಳಿದರೆ, ಮಲ ಕಪ್ಪಾದರೆ ಎಂಡೋಸ್ಕೋಪಿ ಮುಂದೂಡಬಾರದು.

ತುತ್ತು ಸಿಕ್ಕಿಕೊಳ್ಳುವ ಕಾಯಿಲೆಗಳಲ್ಲಿ ಒಂದು ಹುಳಿತೇಗಿಗೆ ತದ್ವಿರುದ್ಧ: ಅಕಲೇಸಿಯಾ. ಇಲ್ಲಿ ಬಾಗಿಲು ತೆರೆಯುವುದೇ ಇಲ್ಲ, ಹಿಂಡುವ ಅಲೆಯೂ ಇಲ್ಲ. ತಿಂದದ್ದು ಅನ್ನನಾಳದಲ್ಲೇ ನಿಂತು, ರಾತ್ರಿ ಮಲಗಿದಾಗ ಬಾಯಿಗೆ ಬರುತ್ತದೆ, ಎದೆಯೂ ಉರಿಯುತ್ತದೆ. ಹಾಗಾಗಿ ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದವರಿದ್ದಾರೆ. ಇಂಥ ಒಬ್ಬ ರೋಗಿಗೆ ಇಂಗ್ಲೆಂಡಿನ ಥಾಮಸ್ ವಿಲಿಸ್ ತಿಮಿಂಗಿಲದ ಎಲುಬಿನ ತುದಿಗೆ ಸ್ಪಂಜು ಕಟ್ಟಿ, ಅದರಿಂದ ತುತ್ತನ್ನು ಕೆಳಕ್ಕೆ ನೂಕಲು ಹೇಳಿಕೊಟ್ಟದ್ದನ್ನು 1674ರಲ್ಲಿ ಬರೆದಿದ್ದಾನೆ. ಈಗ ಬಲೂನಿನಿಂದ ಹಿಗ್ಗಿಸುತ್ತಾರೆ, ಇಲ್ಲವೇ ಬಾಗಿಲಿನ ಸ್ನಾಯುವನ್ನು ಕತ್ತರಿಸುತ್ತಾರೆ. ಕತ್ತರಿಸಿದ ಮೇಲೆ ಅನ್ನ ಸಲೀಸಾಗಿ ಇಳಿಯುತ್ತದೆ, ಹುಳಿ ಅಷ್ಟೇ ಸಲೀಸಾಗಿ ಏರಲು ತೊಡಗುತ್ತದೆ. ಅದಕ್ಕಾಗಿ ಶಸ್ತ್ರವೈದ್ಯರು ಅದೇ ಶಸ್ತ್ರಕ್ರಿಯೆಯಲ್ಲಿ ಜಠರದ ಒಂದು ಮಡಿಕೆಯನ್ನು ಅನ್ನನಾಳದ ತುದಿಗೆ ಅರ್ಧ ಸುತ್ತಿ ಹೊಲಿಯುವುದುಂಟು.