ನಡುಗಿದ್ದು ಕಣ್ಣೋ, ಕ್ಯಾಮೆರಾನೋ?

ಫೆಬ್ರವರಿ ಕೊನೆ ಅಂದ್ರೆ ರಾಯಚೂರಿನಲ್ಲಿ ಬಿಸಿಲು ಆಗಲೇ ಸುರು. ಒಂದು ಶಾಲೆಯ ಕೋಣೆಯಲ್ಲಿ ಕಿಟಕಿಗೆ ಚಾದರ ಕಟ್ಟಿ, ಮಕ್ಕಳು ಓದುವಾಗ ಕಣ್ಣು ಹೇಗೆ ಓಡಾಡುತ್ತದೆ ಎಂದು ರೆಕಾರ್ಡ್ ಮಾಡುತ್ತಿದ್ದೆವು. ಚಾದರ ಯಾಕೆಂದರೆ ಕಣ್ಣಿನ ಓಡಾಟ ಹಿಡಿಯುವ ಈ ಕ್ಯಾಮೆರಾ ಯಂತ್ರ ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಕಣ್ಣನ್ನು ನೋಡುತ್ತದೆ, ಬಿಸಿಲಿನಲ್ಲೂ ಅದೇ ಬೆಳಕು ಧಾರಾಳವಾಗಿ ಇರುತ್ತದೆ.

ಓದುವಾಗ ಕಣ್ಣು ಸಾಲಿನ ಮೇಲೆ ಹರಿಯುವುದಿಲ್ಲ. ಕಪ್ಪೆ ಹಾಗೆ ಜಿಗಿದು, ಕಾಲು ಸೆಕೆಂಡು ನಿಂತು, ಮತ್ತೆ ಜಿಗಿಯುತ್ತದೆ. ಜಿಗಿತ ಯಾವುದು, ನಿಲುಗಡೆ ಯಾವುದು ಎಂದು ಬೇರೆ ಮಾಡುವುದೇ ನಮ್ಮ ಕೆಲಸ. ಸುಲಭದ ದಾರಿ ವೇಗ ನೋಡುವುದು: ನೋಟ ತಿರುಗುವ ವೇಗ ಸೆಕೆಂಡಿಗೆ 30 ಡಿಗ್ರಿ ದಾಟಿದರೆ ಜಿಗಿತ, ಇಲ್ಲದಿದ್ದರೆ ನಿಲುಗಡೆ. ಹಳೆಯ 60 ಹರ್ಟ್ಸ್ ಯಂತ್ರದಲ್ಲಿ, ಅಂದ್ರೆ ಸೆಕೆಂಡಿಗೆ 60 ಸಲ ಅಳೆಯುವುದರಲ್ಲಿ, ಇದು ಚೆನ್ನಾಗಿಯೇ ನಡೆದಿತ್ತು. ಆ ಸಲ 250 ಹರ್ಟ್ಸ್‌ನ ಹೊಸದು ತಂದಿದ್ದೆವು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ‘ಉಷ್ಣವಿದ್ಯುತ್’ ಎಂಬ ಪದದ ಮೇಲೆ ಏಳು ಸಲ ನಿಂತಳು ಎಂದಿತು ಸಾಫ್ಟ್‌ವೇರ್. ಉಷ್ಣವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ಪಕ್ಕದ ಊರಿನವಳು, ದಿನಾ ಕೇಳುವ ಪದ! ಒತ್ತಕ್ಷರ ಓದಲು ಕಷ್ಟವೇನೋ ಎಂದು ನಾನು ಟಿಪ್ಪಣಿ ಕೂಡ ಬರೆದುಕೊಂಡಿದ್ದೆ.

ಕಷ್ಟ ಅವಳದ್ದಲ್ಲ, ನನ್ನ ಲೆಕ್ಕದ್ದು. ಕಣ್ಣು ನಿಂತಿದ್ದರೂ ಯಂತ್ರ ತೋರಿಸುವ ಜಾಗ ಸುಮಾರು 0.3 ಡಿಗ್ರಿ ಅಲುಗುತ್ತಿತ್ತು. 60 ಸೆಂಟಿಮೀಟರ್ ದೂರದ ಪರದೆಯ ಮೇಲೆ ಅದು 3 ಮಿಲಿಮೀಟರ್ ಅಷ್ಟೇ. 60 ಹರ್ಟ್ಸ್‌ನಲ್ಲಿ ಎರಡು ಅಳತೆಗಳ ನಡುವೆ ಸುಮಾರು 17 ಮಿಲಿಸೆಕೆಂಡು, ಹಾಗಾಗಿ ವೇಗ ಸೆಕೆಂಡಿಗೆ 18 ಡಿಗ್ರಿ. 30ರ ಗೆರೆಯೊಳಗೇ. 250 ಹರ್ಟ್ಸ್‌ನಲ್ಲಿ ಬರೀ 4 ಮಿಲಿಸೆಕೆಂಡು, ಅಷ್ಟೇ ಅಲುಗಾಟಕ್ಕೆ ವೇಗ 75 ಡಿಗ್ರಿ! ಜಾಸ್ತಿ ದುಡ್ಡಿನ ಯಂತ್ರ, ಜಾಸ್ತಿ ಸುಳ್ಳು ಜಿಗಿತ. ಸುಳ್ಳು ಜಿಗಿತ ನಡುವೆ ಬಂದರೆ ಒಂದೇ ನಿಲುಗಡೆ ಹಲವು ತುಂಡಾಗಿ ಎಣಿಕೆಯಾಗುತ್ತದೆ.

ಆಮೇಲೆ ನಾವೇ ಒಂದು ಕೋಡ್ ಬರೆದೆವು. ಮೂಲ ಉಪಾಯ ಎಂಗ್ಬರ್ಟ್ ಮತ್ತು ಕ್ಲೀಗ್ಲ್ ಎಂಬ ಸಂಶೋಧಕರು 2003ರಲ್ಲಿ ಕೊಟ್ಟದ್ದು. ವೇಗವನ್ನು ಎರಡು ಅಳತೆಯಿಂದಲ್ಲ, ಅಕ್ಕಪಕ್ಕದ ಐದು ಅಳತೆಗಳಿಂದ ತೆಗೆಯಬೇಕು. ಆಮೇಲೆ ಗೆರೆಯನ್ನು ಮೊದಲೇ ಎಳೆದಿಡದೆ, ಆ ಮಗುವಿನ ಆ ರೆಕಾರ್ಡಿಂಗಿನಲ್ಲೇ ನಡುಕ ಎಷ್ಟಿದೆ ಎಂದು ಮೀಡಿಯನ್‌ನಿಂದ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ಅಳೆದು, ಅದರ 6 ಪಟ್ಟು ದಾಟಿದ್ದನ್ನು ಮಾತ್ರ ಜಿಗಿತ ಅನ್ನಬೇಕು. ಸರಾಸರಿ ಯಾಕೆ ಬೇಡ? ಬಳ್ಳಾರಿಯ ಬಸ್ಸಿಗೆ ಒಬ್ಬ ಗಣಿ ಧಣಿ ಹತ್ತಿದರೆ ಬಸ್ಸಿನವರ ಸರಾಸರಿ ಆದಾಯ ಏರುತ್ತದೆ, ನಡುವಿನವನ ಜೇಬು ಹಾಗೇ ಇರುತ್ತದೆ ಅಲ್ವಾ? ಜಿಗಿತಗಳೂ ಹಾಗೇ, ಕೆಲವೇ ಇದ್ದರೂ ಸರಾಸರಿಯನ್ನು ಎಳೆದುಕೊಂಡು ಹೋಗುತ್ತವೆ.

ಇನ್ನೊಂದು ಮೋಸ ರೆಪ್ಪೆಯದು. ರೆಪ್ಪೆ ಇಳಿಯುವಾಗ ಪಾಪೆಯ ಮೇಲಿನ ಭಾಗ ಮೊದಲು ಮುಚ್ಚುತ್ತದೆ. ಉಳಿದ ತುಂಡಿನ ನಡುಭಾಗ ಕೆಳಗೆ ಸರಿಯುತ್ತದೆ. ಮಗು ಕೆಳಗಿನ ಸಾಲು ನೋಡಿತು ಅಂದುಕೊಳ್ಳುತ್ತದೆ ಯಂತ್ರ. ರೆಪ್ಪೆ ತೆರೆಯುವಾಗ ಇದೇ ಆಟ ಉಲ್ಟಾ. ಅದಕ್ಕೆ ಡೇಟಾ ಮಾಯವಾದ ಜಾಗದ ಎರಡೂ ಕಡೆ ಇನ್ನೂ 100 ಮಿಲಿಸೆಕೆಂಡು ಕತ್ತರಿಸಿ ಬಿಸಾಕುತ್ತೇವೆ. ಅಷ್ಟು ಬೇಕಾ ಅಂತ ನಮ್ಮಲ್ಲೇ ಜಗಳವಿದೆ.

ಕೋಡ್ ಬರೆಯುವ ಮುಂಚೆ ಸುಮ್ನೆ ಒಂದು ಗ್ರಾಫ್ ಹಾಕಿ ನೋಡಿ. ನಾನು ನೋಡಿದ್ದರೆ ಆ ಟಿಪ್ಪಣಿ ಬರೆಯುತ್ತಲೇ ಇರಲಿಲ್ಲ. ಹೊಸ ಕೋಡ್‌ನಲ್ಲಿ ಹುಡುಗಿ ಆ ಪದದ ಮೇಲೆ ನಿಂತದ್ದು ಎರಡೇ ಸಲ, ನಡುವೆ ಒಮ್ಮೆ ರೆಪ್ಪೆ ಬಡಿದಿದ್ದಳು. ಕಣ್ಣಿಗೆ ದಪ್ಪಗೆ ಕಾಡಿಗೆ ಹಚ್ಚಿಕೊಂಡು ಬಂದ ಮಕ್ಕಳದ್ದು ಮಾತ್ರ ಇನ್ನೂ ಸರಿಹೋಗಿಲ್ಲ. ಕಪ್ಪನ್ನೇ ಪಾಪೆ ಅಂದುಕೊಳ್ಳುತ್ತದೆ ಕ್ಯಾಮೆರಾ. ಆ ರೆಕಾರ್ಡಿಂಗ್‌ಗಳನ್ನು ಕೈಯಿಂದಲೇ ಗುರುತು ಹಾಕುತ್ತಿದ್ದೇವೆ.