ಟ್ಯಾಪೆಟ್ ಸದ್ದು ಮಾಡಿದರೆ ಟೈಟ್ ಮಾಡಬೇಕಾ?

ಪ್ರಶ್ನೆ: ನನ್ನ 100 ಸಿಸಿ ಬೈಕಿನ ಇಂಜಿನ್‌ದಾಗ ಟಿಕ್ ಟಿಕ್ ಆವಾಜ್ ಬರ್ತದ್ರಿ. ಟ್ಯಾಪೆಟ್ ನಾನೇ ಟೈಟ್ ಮಾಡ್ಕೋಬಹುದೇನ್ರಿ? (ಸೇಡಂನ ಓದುಗರು)

ನೀವೇ ಮಾಡಬಹುದು. ಟ್ಯಾಪೆಟ್ ಅಂದರೆ ಇಲ್ಲಿ ಇಂಜಿನ್ ವಾಲ್ವಿನ ಸಂದು ಹೊಂದಿಸುವ ಸ್ಕ್ರೂ. ಆದರೆ ‘ಟೈಟ್’ ಅನ್ನೋ ಮಾತನ್ನು ಮೊದಲು ಬಿಡಿ. ನಾನೂ ಒಮ್ಮೆ ಆವಾಜ್ ಪೂರ್ತಿ ನಿಲ್ಲೋ ತನಕ ಸ್ಕ್ರೂ ತಿರುಗಿಸಿದ್ದೆ. ಕಲಬುರಗಿಯಿಂದ ಆಳಂದದವರೆಗೆ ಗಾಡಿ ಸದ್ದಿಲ್ಲದೆ ಓಡಿತು. ಅಲ್ಲಿ ಚಹಾ ಕುಡಿದು ಬಂದು ಕಿಕ್ ಹೊಡೆದರೆ ಸ್ಟಾರ್ಟೇ ಆಗಲಿಲ್ಲ. ಕಿಕ್ಕರ್ ಸುಮ್ನೆ ಕೆಳಗೆ ಹೋಗುತ್ತಿತ್ತು. ಇಂಜಿನ್ ತಣ್ಣಗಾದ ಮೇಲೆ ಸ್ಟಾರ್ಟ್ ಆಯಿತು.

ಆದದ್ದು ಇಷ್ಟೇ. ಬಿಸಿಯಾದ ವಾಲ್ವ್ ಉದ್ದಕ್ಕೆ ಹಿಗ್ಗುತ್ತದೆ. ಅದಕ್ಕಾಗಿ ರಾಕರ್‌ಗೂ (ವಾಲ್ವನ್ನು ಒತ್ತಿ ತೆರೆಯುವ ತೋಳು) ವಾಲ್ವ್ ತುದಿಗೂ ನಡುವೆ ಒಂದು ಸಣ್ಣ ಸಂದು ಬಿಟ್ಟಿರುತ್ತಾರೆ. ಸಂದು ಇಲ್ಲದಿದ್ದರೆ ವಾಲ್ವ್ ಸೀಟಿನ ಮೇಲೆ ಸರಿಯಾಗಿ ಕೂರುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸೀಟಿಗೆ ಅಂಟಿ ಕೂತಾಗಲೇ ತನ್ನ ಬಿಸಿ ಕಳೆದುಕೊಳ್ಳುವುದು. ಕೂರದಿದ್ದರೆ ಸುಟ್ಟುಹೋಗುತ್ತದೆ. ಅದಕ್ಕೇ ಟಿಕ್ ಟಿಕ್ ಅನ್ನುವ ಟ್ಯಾಪೆಟ್‌ಗಿಂತ ಗಪ್‌ಚಿಪ್ ಆದ ಟ್ಯಾಪೆಟ್ ಕಂಡರೆ ನನಗೆ ಭಯ ಜಾಸ್ತಿ.

ಇಂಜಿನ್ ಪೂರ್ತಿ ತಣ್ಣಗಿರಬೇಕು. ಹೋಂಡಾದ ಹಲವು ಮ್ಯಾನುಯಲ್‌ಗಳಲ್ಲಿ 35 ಡಿಗ್ರಿಗಿಂತ ಕಡಿಮೆ ಇರಲಿ ಅಂತ ಇದೆ. ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ ನೆರಳೇ 40 ದಾಟುತ್ತದೆ, ಅಲ್ವಾ? ಹಾಗಾಗಿ ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಗಿನ ಜಾವವೇ ಬಿಚ್ಚಿ. ಸೇಡಂನಲ್ಲಿ ಸಿಮೆಂಟ್ ಧೂಳು ಬೇರೆ. ಟ್ಯಾಪೆಟ್ ಕ್ಯಾಪ್ ತೆಗೆಯುವ ಮುಂಚೆ ಸುತ್ತಮುತ್ತ ಬ್ರಷ್ ಹಾಕಿ ಒರೆಸಿ.

ಹೀರೋ, ಹೋಂಡಾ ಗಾಡಿಯಾದರೆ ಎಡಗಡೆ ಮ್ಯಾಗ್ನೆಟ್ ಕವರಿನ ಎರಡು ಕ್ಯಾಪ್ ತೆಗೆಯಿರಿ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಇಂಜಿನ್ ಹಗುರವಾಗಿ ತಿರುಗುತ್ತದೆ. ಸಾಕೆಟ್ ಹಾಕಿ ಎಡಕ್ಕೆ ತಿರುಗಿಸುತ್ತಾ ‘ಟಿ’ ಗುರುತನ್ನು (ಪಿಸ್ಟನ್ ಪೂರ್ತಿ ಮೇಲಿರುವ ಜಾಗ) ಕವರಿನ ಗುರುತಿಗೆ ತನ್ನಿ. ಪಕ್ಕದಲ್ಲೇ ಇರುವ ‘ಎಫ್’ ನೋಡಿ ಮೋಸಹೋಗಬೇಡಿ, ಅದು ಪ್ಲಗ್ ಕಿಡಿ ಹಾರುವ ಟೈಮಿಂಗ್. ಈಗ ಎರಡೂ ರಾಕರ್ ಕೈಗೆ ಸ್ವಲ್ಪ ಅಲುಗಾಡಬೇಕು. ಅಲುಗಾಡದಿದ್ದರೆ ಇನ್ನೊಂದು ಸುತ್ತು ತಿರುಗಿಸಿ ಮತ್ತೆ ‘ಟಿ’ಗೆ ತನ್ನಿ.

ಸಂದು ಎಷ್ಟು ಅನ್ನೋದು ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲೇ ಇರುತ್ತದೆ. ಎಕ್ಸಾಸ್ಟ್‌ದು ಬೇರೆ ಇದ್ದೀತು, ನೋಡಿಕೊಳ್ಳಿ. ಜೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ನಾವು ಆಡುವ ಜಾಗ ಅಷ್ಟೇ. ಹಾಗಂತ ಹಾಳೆ ತುರುಕಬೇಡಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳು) ಕೊಳ್ಳಿ. ಸ್ಕ್ರೂ ಹಿಡಿದಿಡುವ ಲಾಕ್ ನಟ್ ಸಡಿಲಿಸಿ, ಸಂದಿನಲ್ಲಿ ಪಟ್ಟಿ ಇಟ್ಟು ಸ್ಕ್ರೂ ತಿರುಗಿಸಿ. ಪಟ್ಟಿ ಎಳೆದಾಗ ಸ್ವಲ್ಪ ಹಿಡಿದ ಹಾಗೆ ಬರಬೇಕು.

ಹೊಸಬರು ಎಡವುವುದು ಲಾಕ್ ನಟ್ ಹತ್ತಿರ. ನಟ್ ಬಿಗಿಯುವಾಗ ಸ್ಕ್ರೂ ಕೂಡ ಜೊತೆಗೆ ತಿರುಗಿಬಿಡುತ್ತದೆ. ಸ್ಕ್ರೂ ಹಿಡಿದುಕೊಂಡೇ ಬಿಗಿಯಿರಿ. ಇಂಜಿನ್ ಎರಡು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ನನಗೆ ಮೊದಲ ಸಲ ನಾಲ್ಕು ಬಾರಿ ಬಿಚ್ಚಿ ಹಾಕಬೇಕಾಯಿತು.

ಎಲ್ಲ ಗಾಡಿಗೂ ಸ್ಕ್ರೂ ಇರುವುದಿಲ್ಲ. ಯುಸಿಇ ಇಂಜಿನ್ನಿನ (ಇಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವ) ಬುಲೆಟ್‌ನಲ್ಲಿ ಆಯಿಲ್ ಒತ್ತಡದಿಂದ ತಾನೇ ಹೊಂದಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್, ಅಲ್ಲಿ ಮಾಡುವಂಥದ್ದೇ ಇಲ್ಲ. ಸ್ಕ್ರೂ ಬದಲು ಶಿಮ್ (ಅಳತೆಯ ಲೋಹದ ಬಿಲ್ಲೆ) ಇರುವ ಇಂಜಿನ್ ಆದರೆ ಗ್ಯಾರೇಜಿಗೇ ಬಿಡಿ. ಅಳತೆ ಸರಿ ಇದ್ದೂ ಸಣ್ಣಗೆ ಟಿಕ್ ಟಿಕ್ ಉಳಿದರೆ ಉಳಿಯಲಿ ಬಿಡಿ. ಕರಕರ ಅಂದರೆ ಮಾತ್ರ ಕ್ಯಾಮ್ ಚೈನ್ ನೋಡಿಸಿ.